ಉಡಿ ತುಂಬಿದ ಫೈನಲ್

ನಮ್ಮ ಕಡೆ ಉಡಿಗೆ ಕೊಟ್ಟ ರವಿಕೆಯ ಖಣವನ್ನು ಯಾರೂ ಹೊಲಿಸುವುದಿಲ್ಲ. ನಂಬಿಕೆ ಬರದಿದ್ದರೆ ನಿಮ್ಮ ಮನೆಯ ಟ್ರಂಕನ್ನೇ ತೆಗೆದು ನೋಡಿ. ಬಸುರಿಯ ಕುಬಸದ ಕಾರ್ಯಕ್ಕೆ ಹೋದರೆ ಒಂದು ಖಣ, ತೊಟ್ಟಿಲಿಗೆ ಹೋದರೆ ಒಂದು, ಹೊಸ ಮನೆಯಲ್ಲಿ ಹಾಲುಕ್ಕಿಸುವಾಗ ಹೋದರೆ ಇನ್ನೊಂದು. ರವಿಕೆಗೆ ಸಾಲದಷ್ಟು ಅಗಲ, ತೊಳೆದರೆ ಬಕೆಟ್ಟಿನ ನೀರೆಲ್ಲ ಬಣ್ಣ. ಹೀಗಾಗಿ ಬಂದ ಖಣ ಮಡಿಕೆ ಬಿಚ್ಚದೆ ಮುಂದಿನ ಮನೆಗೆ ಹೋಗುತ್ತದೆ, ಅಲ್ಲಿಂದ ಅದರ ಮುಂದಿನ ಮನೆಗೆ. ಒಮ್ಮೆ ನಾನು ಆಳಂದದಲ್ಲಿ ಗೆಳತಿಯೊಬ್ಬಳ ಮಗುವಿನ ತೊಟ್ಟಿಲಿಗೆ ಕೊಟ್ಟ ಕೆಂಪು ಖಣ ಊರೂರು ತಿರುಗಿ, ಅಫಜಲಪುರ ತಾಲೂಕಿನ ನಮ್ಮ ಅಕ್ಕನ ಮನೆಯಲ್ಲಿ ನನ್ನ ಉಡಿಗೇ ಬಂದು ಬಿತ್ತು. ಅಂಚಿನಲ್ಲಿ ನನ್ನದೇ ಪೆನ್ನಿನ ಶಾಯಿಯ ಕಲೆ ಇತ್ತು. ನಮ್ಮ ಭಾಗದ ಹೆಂಗಸರಿಗೆ ಪಾಸ್ ಕೊಡಲು ಬರುವುದಿಲ್ಲ ಎಂದು ಫುಟ್‌ಬಾಲ್ ತಿಳಿದವರು ಯಾರಾದರೂ ಹೇಳಿದರೆ ಅವರಿಗೆ ಆ ಖಣ ತೋರಿಸಬೇಕು.

ಆದರೆ ನನ್ನ ಟ್ರಂಕಿನಲ್ಲಿ ಒಂದು ಹಸಿರು ಖಣ ಇತ್ತು. ಅದು ಎಲ್ಲಿಗೂ ಹೋಗಲಿಲ್ಲ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ನನ್ನ ಕೈಗೆ ಬಂದದ್ದು, ನನ್ನ ಜೊತೆ ಹಾಸ್ಟೆಲ್ಲಿಗೆ ಬಂತು, ಕಾಲೇಜಿಗೆ ಬಂತು, ಗಂಡನ ಮನೆಗೂ ಬಂತು. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನನ್ನ ಹೆಸರು ಶಾಂತಾ. ಹೆಸರಿಟ್ಟ ಅಜ್ಜಿ ನನ್ನ ಮುಖವನ್ನು ಸರಿಯಾಗಿ ನೋಡಿರಲಿಲ್ಲ ಎಂದು ಕಾಣುತ್ತದೆ. ಆಳಂದ ತಾಲೂಕಿನಲ್ಲಿ ನಾನು ದನದ ಡಾಕ್ಟರು. ಎಮ್ಮೆಗಳ ಮುಂದೆ ನನ್ನ ಸಿಟ್ಟು ನಡೆಯುವುದಿಲ್ಲ, ಅವು ಬಾಲದಿಂದ ಒಂದೇಟು ಕೊಟ್ಟು ಮತ್ತೆ ಮೆಲುಕು ಹಾಕುತ್ತವೆ. ಮನುಷ್ಯರು ಮಾತ್ರ ಹೆದರುತ್ತಾರೆ, ಹೆದರಿ ಏನೂ ಮಾಡುವುದಿಲ್ಲ. ಅದಕ್ಕೇ ನನಗೆ ಎಮ್ಮೆಗಳ ಮೇಲೆ ಗೌರವ ಹೆಚ್ಚು.

ಈಗ ಆ ಖಣದ ಮಾತು ಎತ್ತಿದ್ದಕ್ಕೆ ಕಾರಣ ನಮ್ಮ ಅಕ್ಕನ ಮಗಳು ಭಾಗ್ಯ. ಒಂಬತ್ತನೆಯ ತರಗತಿ, ಗೊಬ್ಬೂರಿನ ಆಚೆಗಿನ ಒಂದು ಹಳ್ಳಿ. ಶಾಲೆಯ ಹುಡುಗಿಯರ ತಂಡದಲ್ಲಿ ಹಿಂದೆ ನಿಂತು ಗೋಲು ಕಾಯುವವರ ಪೈಕಿ. ಅವಳು ಒಂದು ದಿನ ಫೋನು ಮಾಡಿದಾಗ ನಾನು ಒಂದು ಹಸುವಿನ ಬಾಯಲ್ಲಿ ಮೊಳಕೈ ತನಕ ಕೈ ಹಾಕಿ ನಿಂತಿದ್ದೆ. ನಮ್ಮ ದೇಶದ ಹೆಣ್ಣುಮಕ್ಕಳು ಏಷ್ಯಾದ ದೊಡ್ಡ ಪಂದ್ಯಾವಳಿಗೆ ಅರ್ಹತೆ ಪಡೆದ ಸುದ್ದಿ ಅದು. ಪರದೇಶಕ್ಕೆ ಹೋಗಿ, ಅಲ್ಲಿಯವರ ಅಂಗಳದಲ್ಲೇ ಅವರನ್ನು ಸೋಲಿಸಿ ಬಂದಿದ್ದರು. ಭಾಗ್ಯ ಒಂದೇ ಉಸಿರಿಗೆ ಎಲ್ಲ ಹೇಳಿ, ಕೊನೆಗೆ ದೊಡ್ಡವರ ಹಾಗೆ ಒಂದು ಮಾತು ಸೇರಿಸಿದಳು: "ಹಿಂದ ನಮ್ಮವರು ಮನಿಯಾಗ ಕಾರ್ಯಾ ಇಟ್ಕೊಂಡು ಉಂಡಿದ್ರು ಚಿಗವ್ವ, ಈ ಸಲ ಗೆದ್ದು ಉಂಡಾರ."

ಹಿಂದಿನದು ನಿಮಗೂ ನೆನಪಿರಬಹುದು. ಅದೇ ಪಂದ್ಯಾವಳಿಗೆ ಒಮ್ಮೆ ನಮ್ಮ ದೇಶವೇ ಆತಿಥ್ಯ ವಹಿಸಿತ್ತು. ಆತಿಥೇಯರಿಗೆ ಅರ್ಹತಾ ಪಂದ್ಯ ಎಂಬುದಿಲ್ಲ, ಮನೆ ನಮ್ಮದಾದರೆ ಎಲೆಯೂ ನಮ್ಮದೇ. ಆದರೆ ಅದು ಕಾಯಿಲೆಯ ಕಾಲ. ತಂಡದಲ್ಲೇ ಸೋಂಕು ಹರಡಿ, ಆಡಲು ಬೇಕಾದಷ್ಟು ಜನ ಉಳಿಯದೆ, ನಮ್ಮವರು ನಮ್ಮ ಮನೆಯ ಪಂದ್ಯಾವಳಿಯಿಂದಲೇ ಹೊರಬಿದ್ದರು. ಬಂದ ಅತಿಥಿಗಳು ಆಡಿದರು, ಗೆದ್ದರು, ಹೋದರು. ಯಾರನ್ನು ಬೈಯುವುದು? ಕಾಯಿಲೆಯನ್ನು ಬೈಯಲು ಬರುವುದಿಲ್ಲ. ಆದರೂ ಆ ದಿನ ನಾನು ಮನೆಯಲ್ಲಿ ಎಷ್ಟು ಸಿಡುಕಿದೆನೆಂದರೆ ನನ್ನ ಗಂಡ ತನ್ನದೇ ತಪ್ಪಿರಬೇಕೆಂದು ತಿಳಿದು ಪಾತ್ರೆ ತೊಳೆದಿಟ್ಟ. ಅವನಿಗೇನು ಗೊತ್ತು, ಕರೆದವರೇ ಆಡದೆ ಉಳಿಯುವುದೆಂದರೇನು ಎಂದು ನಾನು ಹುಡುಗಿಯಾಗಿದ್ದಾಗಲೇ ಕಂಡವಳು.

ನನ್ನ ಊರು ನೆಲೋಗಿಯ ಕಡೆಯದು, ಜೇವರ್ಗಿ ತಾಲೂಕು. ಊರ ಹೆಸರು ಹೇಳುವುದಿಲ್ಲ. ಆಗಿನ ನಮ್ಮ ಹೆಡ್‌ಮಾಸ್ತರರ ಮಕ್ಕಳು ಒಳ್ಳೆಯವರು, ಎದುರಿಗೆ ಸಿಕ್ಕಾಗ ನಗುತ್ತಾರೆ. ನಮ್ಮ ಪ್ರೌಢಶಾಲೆಗೆ ಒಮ್ಮೆ ಆಟದ ಸಾಮಾನಿನ ಚೀಲ ಬಂತು. ಅದರಲ್ಲಿದ್ದ ಕ್ರಿಕೆಟ್ ಬ್ಯಾಟನ್ನು ಹುಡುಗರು ಒಯ್ದರು, ವಾಲಿಬಾಲನ್ನು ಮಾಸ್ತರರು ಒಯ್ದರು. ಉಳಿದದ್ದು ಫುಟ್‌ಬಾಲು. ಅದನ್ನು ಯಾರೂ ಒಯ್ಯಲಿಲ್ಲವಾದ್ದರಿಂದ ಅದು ಹುಡುಗಿಯರ ಪಾಲಾಯಿತು. ನಮ್ಮ ಪಾಲಿಗೆ ಬಂದ ಎಲ್ಲವೂ ಹೀಗೆಯೇ ಬಂದದ್ದು.

ಆಡಲು ಬಯಲೆಂದರೆ ತೊಗರಿ ಕೊಯ್ದ ಎರೆಹೊಲ. ಕೊಯ್ದ ಮೇಲೆ ಉಳಿದ ಮೋಟುಗಳು ಬರಿಗಾಲಿಗೆ ಚುಚ್ಚುತ್ತಿದ್ದವು. ಬೇಸಿಗೆಯಲ್ಲಿ ನೆಲ ಬಿರಿದು ಬಿರುಕಿನಲ್ಲಿ ಚೆಂಡು ಸಿಕ್ಕಿಕೊಳ್ಳುತ್ತಿತ್ತು, ಬಿತ್ತನೆಗೆ ಮೊದಲಿನ ಮಳೆಯಲ್ಲಿ ಕಾಲಿಗೆ ಮಣ್ಣು ಮೆತ್ತಿ ಒಂದೊಂದು ಕಾಲು ಒಂದೊಂದು ಸೇರು ತೂಗುತ್ತಿತ್ತು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಓಡುತ್ತಿದ್ದೆವು. ನನ್ನನ್ನು ಗೋಲಿನಲ್ಲಿ ನಿಲ್ಲಿಸಿದ್ದರು. ನಾನು ಚೆಂಡು ಚೆನ್ನಾಗಿ ಹಿಡಿಯುತ್ತೇನೆಂದಲ್ಲ, ನನ್ನ ಹತ್ತಿರ ಬರಲು ಹುಡುಗಿಯರು ಹೆದರುತ್ತಿದ್ದರು ಎಂದು. ಆಟ ಬರುತ್ತಿದ್ದವಳು ಮಹಾದೇವಿ ಒಬ್ಬಳೇ. ನಮ್ಮ ಓಣಿಯವಳು, ನನ್ನ ಬೆಂಚಿನವಳು, ತಂಡದ ಕ್ಯಾಪ್ಟನ್. ಚೆಂಡು ಅವಳ ಕಾಲಿಗೆ ಬಂದರೆ ಸಾಕು, ಸಾಕಿದ ಆಡಿನ ಮರಿಯ ಹಾಗೆ ಅವಳ ಹಿಂದೆಯೇ ಹೋಗುತ್ತಿತ್ತು. ಅವಳು ಎಲ್ಲಿಗೆ ಒದೆಯುತ್ತೇನೆ ಎನ್ನುತ್ತಿದ್ದಳೋ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು.

ಮಹಾದೇವಿಯ ಅಪ್ಪ ಹತ್ತನೆಯದು ಮುಗಿದರೆ ಸಾಕು ಎಂದು ಮೊದಲೇ ಹೇಳಿಬಿಟ್ಟಿದ್ದ. ಆದರೆ ನಮ್ಮ ಪಿ.ಟಿ. ಸರ್ ಅವನ ಮನೆಗೆ ಹೋಗಿ ಒಂದು ಮಾತು ಹಾಕಿ ಬಂದಿದ್ದರು. ಕಲಬುರಗಿಯ ಜಿಲ್ಲಾ ಪಂದ್ಯಕ್ಕೆ ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸುವವರು ಬರುತ್ತಾರೆ, ಅವರ ಕಣ್ಣಿಗೆ ಬಿದ್ದರೆ ಇವಳ ಊಟ, ವಸತಿ, ಕಾಲೇಜು ಎಲ್ಲ ಸರ್ಕಾರದ್ದು. ಅಪ್ಪ ಬೀಡಿ ಆರಿಸಿ ಯೋಚಿಸಿದ. ಜಿಲ್ಲೆಗೆ ಹೋಗುವಂತಾದರೆ ಹೋಗಲಿ, ಅವರು ಆರಿಸಿದರೆ ಆಮೇಲೆ ನೋಡೋಣ ಎಂದ. ನಮ್ಮ ಕಡೆಯ ಅಪ್ಪಂದಿರ ಬಾಯಲ್ಲಿ ಇದು ಬಹಳ ದೊಡ್ಡ ಮಾತು. ಮಹಾದೇವಿ ಅವತ್ತು ಚೆಂಡನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಮನೆಯ ಕಟ್ಟೆಯ ಮೇಲೆ ಹೊತ್ತು ಮುಳುಗುವ ತನಕ ಕೂತಿದ್ದಳು.

ಜಿಲ್ಲೆಗೆ ಹೋಗಲು ತಾಲೂಕಿನಲ್ಲಿ ಗೆಲ್ಲಬೇಕಿತ್ತು. ತಾಲೂಕಿನಲ್ಲಿ ಹುಡುಗಿಯರ ತಂಡ ಇದ್ದದ್ದೇ ಮೂರು. ಹೀಗಾಗಿ ಬಯಲು ಕೊಟ್ಟು ಪಂದ್ಯ ನಡೆಸುವ ಶಾಲೆ ನೇರ ಫೈನಲ್, ಉಳಿದೆರಡರಲ್ಲಿ ಗೆದ್ದವರು ಅವರ ಎದುರಿಗೆ ಎಂದು ಮಾಸ್ತರರೇ ಕೂತು ಗೊತ್ತು ಮಾಡಿಕೊಂಡಿದ್ದರು. ನಮ್ಮ ಹೆಡ್‌ಮಾಸ್ತರರು ಎದೆ ಉಬ್ಬಿಸಿ ನಾವೇ ನಡೆಸುತ್ತೇವೆ ಎಂದು ಒಪ್ಪಿಕೊಂಡು ಬಂದರು. ನಾವು ಕುಣಿದಾಡಿದೆವು. ಒಂದೂ ಪಂದ್ಯ ಆಡದೆ ಫೈನಲ್ಲಿಗೆ ಅರ್ಹತೆ. ಹುಚ್ಚು ಹುಡುಗಿಯರು ನಾವು, ಮನೆಯಲ್ಲಿ ಮದುವೆಯಾದರೆ ಮನೆಯ ಹೆಣ್ಣುಮಕ್ಕಳ ಗತಿ ಏನಾಗುತ್ತದೆಂದು ಅಷ್ಟು ಮದುವೆ ನೋಡಿಯೂ ನಮಗೆ ತಲೆಗೆ ಹೋಗಲಿಲ್ಲ.

ಏಕೆಂದರೆ ನಮ್ಮ ಊರಿಗೆ ಪಂದ್ಯಾವಳಿ ಎಂದರೆ ಏನೆಂದು ಗೊತ್ತಿರಲಿಲ್ಲ. ಮದುವೆ ಎಂದರೆ ಗೊತ್ತಿತ್ತು. ಹಿರಿಯರು ಚಾವಡಿಯಲ್ಲಿ ಕೂತು ಮಾತಾಡಿ, ಇದು ಹೆಣ್ಣುಮಕ್ಕಳ ಕಾರ್ಯ, ನಾವು ಹೆಣ್ಣಿನ ಕಡೆಯವರು, ಬರುವವರು ಬೀಗರು ಎಂದು ತೀರ್ಮಾನ ಮಾಡಿಬಿಟ್ಟರು. ಒಮ್ಮೆ ಬೀಗರು ಎಂದ ಮೇಲೆ ಮುಗಿಯಿತು. ಬೀಗರಿಗೆ ಬಿಸಿ ನೀರು, ಬೀಗರಿಗೆ ಹೊಸ ಜಮಖಾನೆ, ಬೀಗರಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ. ರೊಟ್ಟಿ ಬಡಿಯುವವರು ಯಾರು? ಹೆಡ್‌ಮಾಸ್ತರರು ತಂಡದ ಹುಡುಗಿಯರನ್ನೇ ಕರೆದರು. ಆಟಕ್ಕೆ ಗಟ್ಟಿ ಕೈ ಬೇಕಲ್ಲ, ರೊಟ್ಟಿ ಬಡಿದರೆ ಅದೂ ಒಂದು ವ್ಯಾಯಾಮ ಎಂದರು. ಫುಟ್‌ಬಾಲನ್ನು ಕೈಯಲ್ಲಿ ಆಡುವುದಿಲ್ಲ ಎಂದು ನಾನು ಹೇಳಿದೆ. ನೀನು ಗೋಲ್‌ಕೀಪರಲ್ಲವೇ, ನೀನು ಆಡುತ್ತೀ ಎಂದು ನನಗೇ ಹಿಟ್ಟು ನಾದುವ ದೊಡ್ಡ ಪರಾತ ಕೊಟ್ಟರು. ಪಂದ್ಯದ ಹಿಂದಿನ ಅಷ್ಟೂ ದಿನ ನಾವು ಚೆಂಡು ಮುಟ್ಟಲಿಲ್ಲ, ಹಿಟ್ಟು ಮುಟ್ಟಿದೆವು.

ಪಂದ್ಯದ ದಿನ ಬೆಳಿಗ್ಗೆ ನಮಗೆ ಅವ್ವಂದಿರ ಸೀರೆ ಉಡಿಸಿ, ತಲೆಯ ಮೇಲೆ ಕುಂಭ ಇಟ್ಟು ಊರ ಅಗಸಿ ಬಾಗಿಲಲ್ಲಿ ನಿಲ್ಲಿಸಿದರು. ಉಳಿದೆರಡು ತಂಡಗಳ ಹುಡುಗಿಯರು ಟೆಂಪೋದಿಂದ ಇಳಿದಾಗ ನಾವೇ ಅವರಿಗೆ ಆರತಿ ಎತ್ತಿದೆವು. ಆ ಎರಡು ತಂಡಗಳ ಪಂದ್ಯವನ್ನು ನಾವು ಅಡುಗೆಮನೆಯ ಕಿಟಕಿಯಿಂದ ನೋಡಿದೆವು. ಆಮೇಲೆ ಅವರನ್ನು ಕೂರಿಸಿ ಬಡಿಸಿದೆವು. ಗೆದ್ದ ತಂಡದ ಕ್ಯಾಪ್ಟನ್ ಹುಡುಗಿ, ಪಾಪ, ನನ್ನ ಸೆರಗು ಹಿಡಿದು ನೀವು ಉಣ್ಣುವುದಿಲ್ಲವೇ ಎಂದು ಕೇಳಿದಳು. ನೀವು ಉಣ್ಣಿರಿ, ಮನೆಯವರು ಆಮೇಲೆ ಎಂದು ನಾನು, ಗೋಲ್‌ಕೀಪರು, ಹೋಳಿಗೆಯ ಮೇಲೆ ತುಪ್ಪ ಹಾಕಿದೆ. ಬೀಗರು ಏಳುವ ಮೊದಲು ಮನೆಯ ಹೆಣ್ಣುಮಕ್ಕಳು ಉಣ್ಣಬಾರದು. ಬೀಗರು ಎದ್ದ ಮೇಲೆ ಊರ ಹಿರಿಯರು ಕೂತರು. ಅವರು ಏಳುವುದರೊಳಗೆ ಮುಖ್ಯ ಅತಿಥಿಗಳು ಬಂದರೆಂದು ನಮ್ಮನ್ನು ಮತ್ತೆ ಕುಂಭ ಹೊರಲು ಕರೆದರು.

ಆ ಮುಖ್ಯ ಅತಿಥಿಯ ಭಾಷಣ ಇವತ್ತಿಗೂ ನನಗೆ ಬಾಯಿಪಾಠ. ಹೆಣ್ಣು ಅಬಲೆಯಲ್ಲ, ಸಬಲೆ ಎಂದರು. ಆ ಸಬಲೆಯರಾದ ನಾವು ಹಸಿದ ಹೊಟ್ಟೆಯಲ್ಲಿ ಅವರ ಹಿಂದೆ ಶಾಲು, ಹಾರದ ತಟ್ಟೆ ಹಿಡಿದು ನಿಂತಿದ್ದೆವು. ಸನ್ಮಾನ ಅವರಿಗಾಯಿತು, ಅವರ ಜೊತೆ ಬಂದವರಿಗಾಯಿತು, ಪೆಂಡಾಲು ಹಾಕಿದವನಿಗಾಯಿತು, ಹೋಗುವ ದಾರಿಯಲ್ಲಿ ನೋಡಲು ನಿಂತ, ಊರ ಲೆಕ್ಕ ಬರೆಯುತ್ತಿದ್ದ ಒಬ್ಬ ನಿವೃತ್ತ ತಲಾಟಿಗೂ ಆಯಿತು. ಹೊತ್ತು ಬೇವಿನ ಮರದ ಕೆಳಗಿಳಿಯಿತು. ಟೆಂಪೋದವನು ಹಾರ್ನ್ ಹೊಡೆಯತೊಡಗಿದ. ಪಿ.ಟಿ. ಸರ್ ಸೀಟಿ ಕೈಯಲ್ಲಿ ಹಿಡಿದು ಹೆಡ್‌ಮಾಸ್ತರರ ಹತ್ತಿರ ಹೋದರು. ಮಹಾದೇವಿಯೂ ಸೀರೆ ಎತ್ತಿ ಕಟ್ಟಿ ಅವರ ಹಿಂದೆ ಹೋಗಿ, ಇದ್ದ ಬೆಳಕಿನಲ್ಲೇ ಸ್ವಲ್ಪ ಹೊತ್ತಾದರೂ ಆಡಿಸಿರಿ ಎಂದು ಕೇಳಿದಳು. ಅವಳು ದೊಡ್ಡವರೆದುರು ಬಾಯಿ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹೆಡ್‌ಮಾಸ್ತರರಿಗೆ ಸಿಟ್ಟೇನೂ ಬರಲಿಲ್ಲ. ಮಗಳಿಗೆ ಬುದ್ಧಿ ಹೇಳುವಂತೆ ಮೆತ್ತಗೆ ಹೇಳಿದರು: "ಮನಿಗಿ ಬಂದ ಬೀಗರ್ನ ಸೋಲಿಸಿ ಕಳಸ್ತಾರೇನ್ ಬೇ? ಊರಿನ ಇಜ್ಜತ್ ಏನಾಗ್ತದ?"

ಸುತ್ತ ನಿಂತ ಹಿರಿಯರೆಲ್ಲ ಹೌದೌದೆಂದರು. ಪಿ.ಟಿ. ಸರ್ ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಸಾಲಾಗಿ ಎದುರಾಳಿ ಹುಡುಗಿಯರನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುವ ಶಾಸ್ತ್ರ ಶುರುವಾಯಿತು. ಹೆಣ್ಣುಮಕ್ಕಳನ್ನು ಬರಿ ಉಡಿಯಲ್ಲಿ ಕಳಿಸಬಾರದಲ್ಲ. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಖಣ. ಅವರ ಕ್ಯಾಪ್ಟನ್ನಿಗೆ ಉಡಿ ತುಂಬಲು ನನ್ನ ಕೈಗೆ ಆ ಹಸಿರು ಖಣ ಕೊಟ್ಟರು. ನಾನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದೆ. ನಮ್ಮ ಅವ್ವ ಮಾನ ಹೋಯಿತೆಂದು ಬೆನ್ನಿಗೆ ಗುದ್ದಿದಳು, ಆದರೂ ನಾನು ತಿರುಗಿ ಬರಲಿಲ್ಲ. ಬೇರೆ ಖಣ ತಂದು ಮಹಾದೇವಿಯೇ ಆ ಕ್ಯಾಪ್ಟನ್ನಿಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಕೊನೆಗೆ ಹೆಡ್‌ಮಾಸ್ತರರು ಗೆದ್ದವರಿಗೆಂದು ಇಟ್ಟಿದ್ದ ಕಪ್ಪನ್ನು ತಂದು, ಅಕ್ಕಿ ಕೊಬ್ಬರಿಯ ಮೇಲೆ, ಆ ಹುಡುಗಿಯ ಉಡಿಯಲ್ಲಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಹುಡುಗಿ ಮಾತ್ರ ತಲೆ ಎತ್ತಿ ಮಹಾದೇವಿಯ ಮುಖವನ್ನೇ ನೋಡುತ್ತಿದ್ದಳು.

ಹೀಗೆ ನಾವು ಸೋತೆವೋ ಗೆದ್ದೆವೋ ಯಾರಿಗೂ ಗೊತ್ತಾಗಲಿಲ್ಲ. ಜಿಲ್ಲೆಗೆ ಬೀಗರು ಹೋದರು. ಮಹಾದೇವಿಯ ಅಪ್ಪ ತನ್ನ ಮಾತು ತಪ್ಪಲಿಲ್ಲ, ಜಿಲ್ಲೆಗೆ ಹೋಗದ ಮೇಲೆ ನೋಡುವುದು ಏನೂ ಇರಲಿಲ್ಲ. ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ಅವಳ ಮದುವೆಯಾಯಿತು. ನಾನು ಹಾಸ್ಟೆಲ್ಲು, ಕಾಲೇಜು ಎಂದು ಓದಿ ದನದ ಡಾಕ್ಟರಾದೆ. ನನಗಿಂತ ಅವಳು ಲೆಕ್ಕದಲ್ಲೂ ಮುಂದಿದ್ದಳು, ಅದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಆಳಂದಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ಖಜೂರಿಯಿಂದ ಒಂದು ಕರೆ ಬಂತು. ಎಮ್ಮೆ ಕರು ಹಾಕಿ ಮಾಸು ಬಿದ್ದಿರಲಿಲ್ಲ. ಹೋಗಿ ನೋಡಿದರೆ ಎಮ್ಮೆಯ ಕೊಂಬು ಹಿಡಿದು ನಿಂತ ಹೆಂಗಸು ನನ್ನನ್ನೇ ನೋಡಿ ನಗುತ್ತಿದ್ದಾಳೆ. ಮಹಾದೇವಿ. ಮೈ ತುಂಬಿಕೊಂಡಿದ್ದಳು, ನಗು ಅದೇ ಇತ್ತು. ಗಂಡ ಸೊಲ್ಲಾಪುರದ ಕಡೆ ಟ್ರಕ್ಕು ಹೊಡೆಯುತ್ತಾನೆ, ಹೊಲ ಇದೆ, ಮಕ್ಕಳು ಓದುತ್ತಿದ್ದಾರೆ. ಕೈ ತೊಳೆದು ಚಹಾ ಕುಡಿಯುತ್ತ ನಾನು ಅವತ್ತಿನ ಮಾತು ತೆಗೆದು, ಹೆಡ್‌ಮಾಸ್ತರರಿಂದ ಹಿಡಿದು ತಲಾಟಿಯ ತನಕ ಎಲ್ಲರಿಗೂ ಬೈದೆ. ಅವಳು ಕರುವಿನ ಮೈ ಒರೆಸಿದಳು. ಆಮೇಲೆ, "ಎಷ್ಟ ದಿನ ಇಟ್ಕೊಂಡ ಕೂಡ್ತಿ ಬೇ ಅದನ್ನ? ಮಜ್ಜಗಿ ಭಾಳ ದಿನಾ ಇಟ್ರ ಹುಳಿ ಆಗ್ತದ" ಎಂದಳು. ಅವಳಿಗೇ ಇಲ್ಲದ ಸಿಟ್ಟು ನನಗೆ ಏಕಿರಬೇಕೆಂದು ನನಗೆ ಅವಳ ಮೇಲೂ ಸಿಟ್ಟು ಬಂತು. ಆದರೂ ಅಲ್ಲಿಂದೀಚೆ ಖಜೂರಿಯ ಕರೆ ಬಂದರೆ ನಾನು ಬೇರೆ ಡಾಕ್ಟರನ್ನು ಕಳಿಸುವುದಿಲ್ಲ.

ಇನ್ನು ಭಾಗ್ಯಳ ವಿಷಯಕ್ಕೆ ಬರುತ್ತೇನೆ. ದೇಶದ ಹೆಣ್ಣುಮಕ್ಕಳು ಗೆದ್ದ ಉಮೇದಿನಲ್ಲಿ ಅವಳ ಶಾಲೆಯವರೂ ತಾಲೂಕಿನ ಹುಡುಗಿಯರ ಪಂದ್ಯಾವಳಿ ನಡೆಸುತ್ತೇವೆಂದು ಮುಂದೆ ಬಂದಿದ್ದರು. ಇಲ್ಲೂ ಮೂರೇ ತಂಡ, ಅದೇ ಲೆಕ್ಕ. ನಾವು ಡೈರೆಕ್ಟ್ ಫೈನಲ್ ಎಂದು ಭಾಗ್ಯ ಫೋನಿನಲ್ಲಿ ಕಿರುಚಿದಳು. ಗೆದ್ದರೆ ಕಲಬುರಗಿ, ಅಲ್ಲಿ ಅವಳನ್ನು ನೋಡುವವರು ಇರುತ್ತಾರೆ. ನನಗೂ ಖುಷಿಯೇ ಆಯಿತು. ಆಮೇಲೆ ಅವಳು ದನಿ ಇಳಿಸಿ, ನಿನ್ನ ಇಳಕಲ್ ಸೀರೆ ಕೊಡುತ್ತೀಯಾ ಎಂದಳು. ಏಕೆಂದು ಕೇಳಿದೆ. ಕುಂಭ ಹೊರಲು ಎಂದಳು. ಯಾರು ಹೊರುವುದು ಎಂದೆ. "ಟೀಮಿನವರ ಹೊರಬೇಕಂತ ಚಿಗವ್ವ. ಆಡೋ ಹುಡುಗ್ಯಾರ ಹೊತ್ರ ಶೋಭಾ ಇರ್ತದಂತ ಸರ್ ಅಂದಾರ."

ನನ್ನ ನೆತ್ತಿಗೇರಿತು. ಅಕ್ಕನಿಗೆ ಫೋನು ಮಾಡಿ ಬೈದೆ. ಒಂದು ದಿನದ ಮಾತು, ಹೊತ್ತರೆ ಏನು ಸವೆಯುತ್ತದೆ ಎಂದಳು ಅಕ್ಕ. ಅವಳೂ ನಮ್ಮ ಅವ್ವನ ಮಗಳೇ. ಭಾವನಿಗೆ ಬೈದೆ, ಅವನು ಸಿಗ್ನಲ್ ಇಲ್ಲ ಎಂದ. ಕೊನೆಗೆ ಬೈಯಲು ಯಾರೂ ಉಳಿಯದೆ ಖಜೂರಿಗೆ ಫೋನು ಮಾಡಿ ಮಹಾದೇವಿಯ ಮುಂದೆ ಎಲ್ಲ ಕಾರಿಕೊಂಡೆ. ಅವಳು ಹುಳಿ ಮಜ್ಜಿಗೆಯ ಮಾತು ಎತ್ತಲಿಲ್ಲ. ಯಾವಾಗ ಇದೆ ಎಂದಷ್ಟೇ ಕೇಳಿದಳು. ಆ ದಿನ ಬೆಳಿಗ್ಗೆ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಅವಳು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ದೊಡ್ಡ ಗಂಟು ಹಿಡಿದು ನಿಂತಿದ್ದಳು. ನಾನು ಬ್ಯಾಗಿನಲ್ಲಿ ಆ ಹಸಿರು ಖಣ ಹಾಕಿಕೊಂಡಿದ್ದೆ. ಭಾಗ್ಯಳ ಶಾಲೆಯ ಹೆಡ್‌ಮಾಸ್ತರರ ಮುಖದ ಮೇಲೆ ಎಸೆದು ನಾಲ್ಕು ಮಾತು ಆಡಬೇಕೆಂದು ಇಡೀ ದಾರಿ ಆ ಮಾತುಗಳನ್ನೇ ಹೊಂದಿಸುತ್ತ ಕೂತೆ.

ಶಾಲೆಯ ಗೇಟಿನಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಹಣೆಗೆ ಕುಂಕುಮ, ತಲೆಯ ಮೇಲೆ ಕುಂಭ, ಸೀರೆಯ ನಿರಿಗೆಯ ಕೆಳಗೆ ಫುಟ್‌ಬಾಲ್ ಬೂಟು. ಬೆಳಿಗ್ಗೆಯಿಂದ ನಿಂತಿದ್ದರು, ಅತಿಥಿಗಳ ಗಾಡಿ ಇನ್ನೂ ಅಫಜಲಪುರ ಬಿಟ್ಟಿರಲಿಲ್ಲ. ಎದುರಾಳಿ ತಂಡ ತನ್ನ ಮೊದಲ ಪಂದ್ಯ ಗೆದ್ದು, ಉಂಡು, ಆಚೆ ನೆರಳಿನಲ್ಲಿ ಕಾಲು ಚಾಚಿ ಕೂತಿತ್ತು. ನಾನು ಸೀದಾ ಹೆಡ್‌ಮಾಸ್ತರರ ಕೋಣೆಗೆ ನುಗ್ಗಿದೆ. ಅವರು ಸಣ್ಣ ವಯಸ್ಸಿನವರು, ಮರ್ಯಾದಸ್ಥರು, ನಾನು ಬಾಯಿ ತೆಗೆಯುವ ಮೊದಲೇ ಎದ್ದು ನಿಂತು ಬರ್ರಿ ಮೇಡಂ, ಕೂಡ್ರಿ, ಚಾ ಕುಡೀರಿ ಎಂದರು. ಚಹಾ ಕುಡಿಯುತ್ತ ಬೈಯುವುದು ಎಷ್ಟು ಕಷ್ಟ ನೋಡಿ. ಆದರೂ ಹುಡುಗಿಯರು ಆಡುವುದು ಯಾವಾಗ ಎಂದು ಕೇಳಿದೆ. ಅವರು ಸಮಾಧಾನದಿಂದ ಹೇಳಿದರು: "ಮೆಹಮಾನ್ರು ಬಂದ ಕೂಡ್ಲೆ ಕಾರ್ಯಕ್ರಮರಿ, ಸನ್ಮಾನರಿ, ಆಮ್ಯಾಲ ಹೊತ್ತು ಉಳದ್ರ ಮ್ಯಾಚ್ ಅದರಿ."

ಹೊತ್ತು ಉಳಿದರೆ. ಆ ಒಂದು ಮಾತಿಗೆ ನಾನು ಕಪ್ಪು ಬಸಿ ಕೆಳಗಿಟ್ಟು ಕೂಗಾಡತೊಡಗಿದೆ. ಏನು ಕೂಗಿದೆನೋ ನೆನಪಿಲ್ಲ, ಹೊಂದಿಸಿಕೊಂಡು ಹೋದ ಮಾತು ಒಂದೂ ಬರಲಿಲ್ಲ. ಶಿಕ್ಷಕರೆಲ್ಲ ಬಂದು ನಿಂತರು. ಮೇಡಮ್ಮರಿಗೆ ಬಿಸಿಲು ಹತ್ತಿದೆ, ವೇದಿಕೆಯ ಮೇಲೆ ಒಂದು ಕುರ್ಚಿ ಹಾಕಿ, ಇವರಿಗೂ ಒಂದು ಶಾಲು ಇರಲಿ ಎಂದು ಯಾರೋ ಹೇಳಿದರು. ನನ್ನ ಇಪ್ಪತ್ತು ವರ್ಷದ ಸಿಟ್ಟಿಗೆ ಸಿಕ್ಕ ಫಲ ಒಂದು ಕುರ್ಚಿ. ಖಣ ಎಸೆಯುವುದಂತೂ ಮರೆತೇಹೋಗಿತ್ತು.

ಹೊರಗೆ ಬಂದು ನೋಡಿದರೆ ಮಹಾದೇವಿ ಭಾಗ್ಯಳ ತಲೆಯಿಂದ ಕುಂಭ ಇಳಿಸಿ, ಸಿಂಬಿ ಸರಿಮಾಡಿ ತನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಉಳಿದ ಹುಡುಗಿಯರ ಕುಂಭಗಳು ಆಗಲೇ ಗೋಡೆಗೆ ಸಾಲಾಗಿ ಕೂತಿದ್ದವು. ಗಂಟು ಬಿಚ್ಚಿತ್ತು. ಶೇಂಗಾ ಹಿಂಡಿ, ಎಂದರೆ ಚಟ್ನಿಪುಡಿ, ಹಚ್ಚಿ ಸುತ್ತಿದ ಮೆತ್ತನೆಯ ರೊಟ್ಟಿ ಎಲ್ಲ ಹುಡುಗಿಯರ ಕೈಯಲ್ಲಿದ್ದವು. ತಿಂದು, ಸೀರೆ ಬಿಚ್ಚಿಟ್ಟು, ಹೋಗಿ ಜರಾ ಓಡಾಡಿ ಮೈ ಬಿಸಿ ಮಾಡಿಕೊಳ್ಳಿ ಎಂದು ಅವಳು ಅವರನ್ನು ಅಟ್ಟುತ್ತಿದ್ದಳು. ಹೆಡ್‌ಮಾಸ್ತರರು ಓಡಿ ಬಂದು, ಒಬ್ಬರೇ ಹೊತ್ತರೆ ಹೇಗೆಂದು ತೊದಲಿದರು. ಮಹಾದೇವಿ ತಲೆ ಅಲ್ಲಾಡಿಸದೆ ಹೇಳಿದಳು: "ಮುತ್ತೈದಿ ಅದೀನ್ರಿ. ಒಂದ ಕುಂಭ ಸಾಕು."

ಮುತ್ತೈದೆಗೆ ಕುಂಭ ಇಳಿಸು ಎನ್ನುವ ಗಂಡಸು ನಮ್ಮ ಮೂರೂ ತಾಲೂಕಿನಲ್ಲಿ ಹುಟ್ಟಿಲ್ಲ. ಹೆಡ್‌ಮಾಸ್ತರರು ಹಿಂದೆ ಸರಿದರು. ನಾನು ಸರಿಯಲಿಲ್ಲ. ಅವತ್ತೂ ನೀನೇ ಹೊತ್ತೆ, ಇವತ್ತೂ ನೀನೇ ಹೊರುತ್ತೀಯಲ್ಲ, ನಿನಗೆ ಮಾನವಿಲ್ಲವೇ ಎಂದು ಅವಳಿಗೇ ಬೈದೆ. ನೀನು ಹೋಗಿ ಕುರ್ಚಿಯ ಮೇಲೆ ಕೂಡು ಎಂದಳು ಅವಳು.

ಕೊನೆಗೂ ಗಾಡಿ ಬಂತು. ಹಲಗೆಯವರು ಬಾರಿಸತೊಡಗಿದರು. ಮುಂದೆ ಕುಂಭ, ಹಿಂದೆ ಮುಖ್ಯ ಅತಿಥಿ, ಅವರ ಹಿಂದೆ ಊರು. ಗೇಟಿನಿಂದ ಒಳಗೆ ಬಂದರೆ ವೇದಿಕೆ ಎಡಕ್ಕೆ, ಆಟದ ಬಯಲು ಬಲಕ್ಕೆ. ಮಹಾದೇವಿ ಬಲಕ್ಕೆ ತಿರುಗಿದಳು. ಹೆಡ್‌ಮಾಸ್ತರರು ಪಕ್ಕದಲ್ಲೇ ಓಡುತ್ತ ಈ ಕಡೆರಿ, ಈ ಕಡೆರಿ ಎಂದು ಪಿಸುಗುಟ್ಟಿದರು. ತಲೆಯ ಮೇಲೆ ಕುಂಭ ಇದ್ದವರು ಕತ್ತು ಹೊರಳಿಸುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಕುಂಭ ದಾಟಿ ಮುಂದೆ ಹೋಗುವುದಿಲ್ಲ, ಕುಂಭ ಬಿಟ್ಟು ಬೇರೆ ದಾರಿ ಹಿಡಿಯುವುದಿಲ್ಲ, ಅದೂ ಎಲ್ಲರಿಗೂ ಗೊತ್ತು. ಅತಿಥಿಗಳು ಕೈ ಮುಗಿದುಕೊಂಡೇ ಅವಳ ಹಿಂದೆ ನಡೆದರು, ಹಲಗೆಯವರು ನಡೆದರು, ಊರೆಲ್ಲ ನಡೆಯಿತು. ಶಾಲು ಹಾರದ ತಟ್ಟೆ ಹಿಡಿದ ಶಿಕ್ಷಕರು ಮಾತ್ರ ವೇದಿಕೆಯ ಹತ್ತಿರ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಕುರ್ಚಿಯ ಮೇಲಿದ್ದ ನಾನು ಎದ್ದು ನಿಂತೆ.

ಬಯಲಿನ ನಟ್ಟನಡುವೆ, ಸುಣ್ಣದ ಗೆರೆಯ ಮೇಲೆ, ಮಹಾದೇವಿ ಕುಂಭ ಇಳಿಸಿದಳು. ಕುಂಭ ಇಳಿದ ಜಾಗದಲ್ಲೇ ಕಾರ್ಯ ಶುರುವಾಗಬೇಕು. ಪಕ್ಕದಲ್ಲಿ ಚೆಂಡು ಬಿದ್ದಿತ್ತು. ಅವಳು ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಿನಿಂದ ಆ ಚೆಂಡನ್ನು ಮೆಲ್ಲಗೆ ಒಂದೇ ಒಂದು ಸಲ ತಳ್ಳಿದಳು. ಅದು ಹೋಗಿ ಮುಖ್ಯ ಅತಿಥಿಯ ಪಾದದ ಹತ್ತಿರ ನಿಂತಿತು, ಒಂದು ಬೆರಳು ಆಚೆಯಿಲ್ಲ, ಈಚೆಯಿಲ್ಲ. "ಚಾಲೂ ಮಾಡ್ರಿ ಸಾಹೇಬ್ರ" ಎಂದಳು. ಫೋಟೋದವರು ಮೊಬೈಲ್ ಎತ್ತಿದರು. ಸಾಹೇಬರು ಮತ್ತೇನು ಮಾಡುತ್ತಾರೆ, ಒದ್ದರು. ರೆಫರಿ ಸೀಟಿ ಊದಿದ. ಹೊತ್ತು ಇನ್ನೂ ಮೇಲಿತ್ತು.

ಪಂದ್ಯವನ್ನು ನಾನು ವರ್ಣಿಸುವುದಿಲ್ಲ. ಗೆರೆಯ ಪಕ್ಕ ನಿಂತು ನಾನು ಆಡಿದ ಮಾತುಗಳು ಬರೆಯುವಂಥವಲ್ಲ. ಭಾಗ್ಯ ಓಡಿದಳು, ಬಿದ್ದಳು, ಎದ್ದಳು, ತನಗಿಂತ ದೊಡ್ಡ ಹುಡುಗಿಯ ಕಾಲಿನಿಂದ ಚೆಂಡು ಕಸಿದಳು. ಕೊನೆಯ ಹೊತ್ತಿಗೆ ಒಂದು ಚೆಂಡು ಅವಳ ಕಾಲಿನ ಸಂದಿಯಿಂದಲೇ ನುಸುಳಿ ಗೋಲಾಯಿತು. ಅಷ್ಟಕ್ಕೆ ಸೋತರು. ಆಮೇಲೆ ವೇದಿಕೆಯಲ್ಲಿ ಎಲ್ಲ ಸನ್ಮಾನಗಳೂ ಆದವು, ಭಾಷಣವೂ ಆಯಿತು, ಸಬಲೆಯೂ ಬಂದಳು. ಎದುರಾಳಿ ಹುಡುಗಿಯರನ್ನು ಕೂರಿಸಿ ಉಡಿ ತುಂಬಿ ಕಪ್ ಕೊಟ್ಟರು. ಕೊಡಲಿ, ಈ ಸಲ ಅದು ಅವರು ಗೆದ್ದ ಕಪ್ಪು.

ಭಾಗ್ಯ ಗೋಲಿನ ಕಂಬಕ್ಕೆ ಒರಗಿ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮೊಣಕಾಲು ತರಚಿ ರಕ್ತ ಬಂದು ಕಾಲುಚೀಲದ ತನಕ ಇಳಿದಿತ್ತು. ಕಟ್ಟಲು ಬಟ್ಟೆ ಹುಡುಕುತ್ತ ಬ್ಯಾಗಿನಲ್ಲಿ ಕೈ ಹಾಕಿದರೆ ಸಿಕ್ಕಿದ್ದು ಆ ಹಸಿರು ಖಣ. ಅಷ್ಟು ವರ್ಷ ಮಡಿಕೆ ಬಿಚ್ಚದ ಖಣವನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದೆ. ಗಾಯ ತೊಳೆದು, ಕರುವಿನ ಕಾಲಿಗೆ ಕಟ್ಟುವಷ್ಟು ಬಿಗಿಯಾಗಿ ಕಟ್ಟಿದೆ. ಬಣ್ಣ ಬಿಟ್ಟು ಅವಳ ಕಾಲೆಲ್ಲ ಹಸಿರಾಯಿತು.

ಅಷ್ಟರಲ್ಲಿ ನಮ್ಮ ಅಕ್ಕ ಬಂದು ಮಗಳ ತಲೆ ಸವರಿ, ಆಟದಲ್ಲಿ ಇದ್ದದ್ದೇ, ಅಳಬೇಡ, ನಾಲ್ಕು ಜನ ನೋಡುತ್ತಾರೆ ಎನ್ನತೊಡಗಿದಳು. ಮಹಾದೇವಿ ಅಕ್ಕನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. ಅಷ್ಟು ವರ್ಷದಲ್ಲಿ ನಾನು ಕೇಳದ ದನಿ ಅದು. ನನ್ನೊಬ್ಬಳದೇ ಎಂದು ನಾನು ತಿಳಿದಿದ್ದ ಸಿಟ್ಟೆಲ್ಲ ಅವಳ ಗಂಟಲಲ್ಲಿತ್ತು.

"ಅಳ್ಲಿ ಬಿಡ್ರಿ ಅಕ್ಕಾ. ಆಡಿ ಸೋತಾಳ, ಅಳ್ತಾಳ. ನಮಗ ಸೋಲಾಕೂ ಬಿಟ್ಟಿದ್ದಿಲ್ಲ."